ಆಪ್ತಸಲಹೆ ಪ್ರಕರಣ: ಪಶುಸಂಗೋಪನೆ ಡಿಪ್ಲೊಮಾವೋ, ಪಶುವೈದ್ಯ ಪದವಿಯೋ?

(ಗುರುತು ಸಿಗದಂತೆ ಹೆಸರು ಮತ್ತು ಕೆಲವು ವಿವರಗಳನ್ನು ಬದಲಿಸಿದ್ದೇನೆ.)

ಸುಜಾತಾ ಎಸ್ಸೆಸ್ಸೆಲ್ಸಿ ಪಾಸಾದ ಹುಡುಗಿ. ಮನೆಯಲ್ಲಿ ಎರಡು ಎಚ್‌.ಎಫ್. (ಹೋಲ್‌ಸ್ಟೀನ್ ಫ್ರೀಷಿಯನ್ ತಳಿ) ಹಸು, ಒಂದು ಕಡಸು. ಡೇರಿಗೆ ಹಾಲು ಹಾಕಿ ನಡೆಯುವ ಸಂಸಾರ. ಅಪ್ಪನ ಜೇಬಿನಲ್ಲಿ ಮಡಚಿದ ಕರಪತ್ರವಿತ್ತು: ಒಂದೇ ವರ್ಷದಲ್ಲಿ ವೆಟರ್ನರಿ ಡಿಪ್ಲೊಮಾ, ಸರ್ಕಾರಿ ಕೆಲಸ ಖಚಿತ. ಮುಂಗಡ ಕಟ್ಟಲು ವಾರದ ಗಡುವು. ಅದಕ್ಕಾಗಿ ಕಡಸನ್ನು ಮಾರುವ ಮಾತುಕತೆಯೂ ಆಗಿತ್ತು. ‘ಓದಿದರೆ ಡಾಕ್ಟರೇ ಆಗಲಿ, ಕಾಂಪೌಂಡರ್ ಯಾಕೆ?’ ಎಂಬುದು ಸೋದರಮಾವನ ಹಟ.

ಅಲ್ಲಿಯವರೆಗೆ ಅಪ್ಪನೇ ಮಾತನಾಡುತ್ತಿದ್ದರು. ಈ ಆಸೆ ಹುಟ್ಟಿದ್ದು ಯಾವಾಗ ಎಂದು ನಾನು ಅವಳನ್ನು ಕೇಳಿದೆ.

ಕರು ಹಾಕಿದ ಮರುದಿನ ಹಸು ನೆಲ ಹಿಡಿದಿತ್ತಂತೆ. ಕತ್ತು ಪಕ್ಕೆಗೆ ತಿರುಗಿತ್ತು, ಕಿವಿ ತಣ್ಣಗಾಗಿತ್ತು. ರಾತ್ರಿ ಬಂದ ಡಾಕ್ಟರು ಹಾಲು ಜ್ವರ ಎಂದರು, ಅಂದರೆ ಕರು ಹಾಕಿದ ಹಸುವಿನ ರಕ್ತದಲ್ಲಿ ಕ್ಯಾಲ್ಸಿಯಂ ಕುಸಿಯುವ ಕಾಯಿಲೆ. ಕುತ್ತಿಗೆಯ ರಕ್ತನಾಳಕ್ಕೆ ಸೂಜಿ ಹಾಕಿ, ಕ್ಯಾಲ್ಸಿಯಂ ಬಾಟಲಿಯನ್ನು ಇವಳ ಕೈಗೆ ಕೊಟ್ಟರು. ‘ಇನ್ನೂ ಕೆಳಗೆ ಹಿಡಿ, ನಿಧಾನವಾಗಿ ಹೋಗಲಿ’ ಎನ್ನುತ್ತಾ, ಸ್ಟೆತಸ್ಕೋಪನ್ನು ಹಸುವಿನ ಎದೆಯಿಂದ ತೆಗೆಯಲೇ ಇಲ್ಲ. ಬಾಟಲಿ ಮುಗಿದ ಸ್ವಲ್ಪ ಹೊತ್ತಿಗೆ ಹಸು ತೇಗಿತು, ಸಗಣಿ ಹಾಕಿತು, ಎದ್ದು ನಿಂತಿತು. ಇದನ್ನು ಹೇಳುವಾಗ ಸುಜಾತಾಳ ಬಲಗೈ ಬಾಟಲಿ ಹಿಡಿದಂತೆಯೇ ಮೇಲೆದ್ದಿತ್ತು.

‘ಆ ರಾತ್ರಿ ನಿನ್ನ ಮನಸ್ಸು ಇದ್ದದ್ದು ಬಾಟಲಿಯ ಮೇಲೋ, ಸ್ಟೆತಸ್ಕೋಪಿನ ಮೇಲೋ?’ ಎಂದೆ. ಕ್ಯಾಲ್ಸಿಯಂ ರಭಸವಾಗಿ ಇಳಿದರೆ ಹಸುವಿನ ಹೃದಯವೇ ನಿಲ್ಲಬಹುದು. ಎಷ್ಟು ನಿಧಾನವಾಗಿ ಬಿಡಬೇಕೆಂಬ ತೀರ್ಮಾನದ ಹೊಣೆ ಡಾಕ್ಟರದು. 1984ರ ಭಾರತೀಯ ಪಶುವೈದ್ಯ ಪರಿಷತ್ ಕಾಯ್ದೆಯ 30ನೇ ಸೆಕ್ಷನ್ ಪ್ರಕಾರ ಚಿಕಿತ್ಸೆ ಮಾಡುವ ಹಕ್ಕು ನೋಂದಾಯಿತ ಪಶುವೈದ್ಯರಿಗೆ ಮಾತ್ರ. ಡಿಪ್ಲೊಮಾ ಪಡೆದವರು ಅವರ ಮೇಲ್ವಿಚಾರಣೆಯಲ್ಲಿ, ರಾಜ್ಯ ಸರ್ಕಾರ ಅನುಮತಿಸಿದ ಸಣ್ಣ ಸೇವೆಗಳನ್ನು ನೀಡಬಹುದು. ಹಾಗೆಂದು ಇದು ಕೀಳು ಕೆಲಸವಲ್ಲ. ಲಸಿಕೆ, ಗಾಯದ ಆರೈಕೆ, ಕೃತಕ ಗರ್ಭಧಾರಣೆ ನಿಂತರೆ ಊರಿನ ಹೈನುಗಾರಿಕೆಯೇ ನಿಲ್ಲುತ್ತದೆ. ಸೋದರಮಾವನಿಗೂ ಇದನ್ನು ಹೇಳಿ ಎಂದು ಅಪ್ಪನಿಗೆ ತಿಳಿಸಿದೆ.

ಡಿಪ್ಲೊಮಾ ಮುಗಿಸಿ ಆಮೇಲೆ ಡಾಕ್ಟರಾದರಾಯಿತು ಎಂಬ ಲೆಕ್ಕ ಅವರಲ್ಲಿತ್ತು. ಅದನ್ನು ಬಿಡಿಸಬೇಕಾಯಿತು. ಪಶುವೈದ್ಯ ಪದವಿಯಾದ ಬಿ.ವಿ.ಎಸ್ಸಿ.ಗೆ ಪಿಯುಸಿಯಲ್ಲಿ ಭೌತ, ರಸಾಯನ, ಜೀವಶಾಸ್ತ್ರ ಬೇಕೇ ಬೇಕು. ಒಂದು ವರ್ಷದ ಇಂಟರ್ನ್‌ಶಿಪ್ ಸೇರಿ ಐದೂವರೆ ವರ್ಷದ ಓದು. ಡಿಪ್ಲೊಮಾಕ್ಕೆ ಎಸ್ಸೆಸ್ಸೆಲ್ಸಿ ಸಾಕು, ಎರಡು ವರ್ಷ. ಬೀದರಿನ ಪಶುವೈದ್ಯಕೀಯ ವಿಶ್ವವಿದ್ಯಾಲಯದ ಅಡಿಯಲ್ಲಿ ತಿಪಟೂರಿನ ಕೋನೇಹಳ್ಳಿ, ಹಾಸನದ ಕೋರವಂಗಲ ಮುಂತಾದ ಕಡೆ ಪಾಲಿಟೆಕ್ನಿಕ್‌ಗಳಿವೆ.

ಇನ್ನು ಕರಪತ್ರ. ಸರ್ಕಾರಿ ಕೆಲಸವನ್ನು ಯಾವ ಕಾಲೇಜೂ ಖಚಿತಪಡಿಸಲಾರದು. ಆ ಒಂದು ಸಾಲೇ ನನಗೆ ಸಿಟ್ಟು ತರಿಸಿತು. ನನ್ನೆದುರಿಗೇ ಫೋನ್ ಮಾಡಿಸಿ, ಪ್ರಮಾಣಪತ್ರ ಕೊಡುವ ವಿಶ್ವವಿದ್ಯಾಲಯ ಯಾವುದು, ಅದನ್ನು ಬರಹದಲ್ಲಿ ಕೊಡುತ್ತೀರಾ ಎಂದು ಕೇಳಿಸಿದೆ. ‘ಮೊದಲು ಬಂದು ಸೀಟು ಹಿಡಿಯಿರಿ’ ಎಂಬುದೇ ಮೂರು ಸಲವೂ ಬಂದ ಉತ್ತರ. ಒಂದು ರೂಪಾಯಿಯನ್ನೂ ಕಟ್ಟಬೇಡಿ ಎಂದೆ. ಪಶುಪಾಲನಾ ಇಲಾಖೆಯ ಹಳೆಯ ನೇಮಕಾತಿ ಅಧಿಸೂಚನೆಯನ್ನು ತೆಗೆಸಿ, ಅಲ್ಲಿ ಕೇಳಿರುವ ವಿದ್ಯಾರ್ಹತೆಯ ಜೊತೆ ಯಾವುದೇ ಕೋರ್ಸಿನ ಹೆಸರನ್ನು ಅಕ್ಷರಕ್ಕೆ ಅಕ್ಷರ ತಾಳೆ ನೋಡಲು ಹೇಳಿದೆ.

ತೀರ್ಮಾನವನ್ನು ನಾನು ಕೊಡಲಿಲ್ಲ. ಹದಿನೈದು ದಿನ ತಾಲ್ಲೂಕು ಪಶು ಆಸ್ಪತ್ರೆಗೆ ಹೋಗಿ ನಿಂತು ಬಾ ಎಂದೆ. ಅಲ್ಲಿನ ವೈದ್ಯರು ಒಪ್ಪಿದರು.

ಎರಡನೇ ಭೇಟಿಗೆ ಅವಳು ನೋಟ್‌ಬುಕ್ ತಂದಿದ್ದಳು. ಕೃತಕ ಗರ್ಭಧಾರಣೆಗೆ ಬಳಸುವ ವೀರ್ಯದ ಕಡ್ಡಿಯನ್ನು ದ್ರವ ಸಾರಜನಕದಿಂದ ತೆಗೆದು 37 ಡಿಗ್ರಿ ನೀರಿನಲ್ಲಿ ಅರ್ಧ ನಿಮಿಷ ಇಡಬೇಕು ಎಂದು ಬರೆದು ಕೆಳಗೆ ಗೆರೆ ಎಳೆದಿದ್ದಳು. ಕಾಲುಬಾಯಿ ಲಸಿಕೆಯ ದಿನ ಮನೆಮನೆ ಸುತ್ತಿ, ದನಗಳ ಕಿವಿಯೋಲೆಯ 12 ಅಂಕಿಗಳನ್ನು ಓದಿ ಹೇಳಿದ್ದಳಂತೆ. ‘ಆಸ್ಪತ್ರೆಯಲ್ಲಿ ಕೂರುವುದಕ್ಕಿಂತ ಕೊಟ್ಟಿಗೆಗೆ ಹೋಗುವುದೇ ನನಗೆ ಇಷ್ಟ ಮೇಡಂ. ಡಾಕ್ಟರು ಹೇಳಿದ ಹಾಗೆ ಮಾಡುವುದರಲ್ಲಿ ನನಗೆ ಬೇಸರವಿಲ್ಲ’ ಎಂದಳು. ಪಾಲಿಟೆಕ್ನಿಕ್‌ಗೆ ಅರ್ಜಿ ಹಾಕಿದಳು. ಸೀಟು ಸಿಗದಿದ್ದರೆ ಪಿಯುಸಿ ವಿಜ್ಞಾನ ಎಂದು ಅಪ್ಪ, ಮಗಳು ಇಬ್ಬರೂ ಮೊದಲೇ ಒಪ್ಪಿಕೊಂಡಿದ್ದರು.

ಸೀಟು ಸಿಕ್ಕಿತು. ಮೊನ್ನೆ ಅಪ್ಪ ಫೋನ್ ಮಾಡಿದ್ದರು: ‘ಕಡಸು ಮಾರಲಿಲ್ಲ ಮೇಡಂ. ಈಗ ಐದು ತಿಂಗಳ ಗಬ್ಬ.’