ಸಂಬಳದ ಸಾಲಿನಲ್ಲಿ ಸೊನ್ನೆ

ನನ್ನ ಹತ್ತಿರ ಆಪ್ತಸಲಹೆಗೆ ಬಂದವರು 37 ವರ್ಷದ ಗಂಡಸು. ಮನೆ ಮುಂಬೈ ಪಕ್ಕದ ಮೀರಾ ರೋಡ್‌ನಲ್ಲಿ. ತಂದೆ ಕುಂದಾಪುರದ ಕಡೆಯವರು, ಮುಂಬೈ ಫೋರ್ಟ್‌ನ ಒಂದು ಹೋಟೆಲಿನ ಗಲ್ಲಾದಲ್ಲಿ ಕೂತೇ ಮಕ್ಕಳನ್ನು ಓದಿಸಿದವರು. ಹೆಂಡತಿ ಟೀಚರ್. ಒಬ್ಬಳು ಮಗಳು. ಗುರುತು ಸಿಗದ ಹಾಗೆ ಕೆಲವು ವಿವರ ಬದಲಿಸಿದ್ದೇನೆ. ಬರೆಯಲು ಅವರ ಒಪ್ಪಿಗೆ ಇದೆ.

ನಿದ್ದೆ ಇಲ್ಲ, ಹೊಟ್ಟೆ ಉರಿ, ಮನೆಯಲ್ಲಿ ಸುಮ್ಸುಮ್ನೆ ರೇಗಾಟ. ಹೇಳಿಕೊಂಡ ದೂರು ಇಷ್ಟೇ. ಹೊಟ್ಟೆ ಉರಿಗೆ ಮೊದಲು ಡಾಕ್ಟರಿಗೆ ತೋರಿಸಿ ಅಂದೆ. ಜೀವ ಬೇಡ ಅನ್ನಿಸುತ್ತಾ ಅಂತ ನೇರವಾಗಿ ಕೇಳಿದೆ. ಇಲ್ಲ ಅಂದರು. ಅದನ್ನು ಪ್ರತಿ ಸಲವೂ ಕೇಳುತ್ತೇನೆ.

ಮುಂಬೈಯ ದೊಡ್ಡ ಆಫೀಸುಗಳ ಜಾಗ ಬಿಕೆಸಿಯಲ್ಲಿದ್ದ ಬ್ಯಾಂಕ್ ನೌಕರಿ ಬಿಟ್ಟು ಇವರು ಮಹಾರಾಷ್ಟ್ರದ ಪಾಲ್ಘರ್ ಜಿಲ್ಲೆಯ ಡಹಾಣು ಹತ್ತಿರ ಚಿಕ್ಕು ಒಣಗಿಸುವ ಘಟಕ ಶುರು ಮಾಡಿದ್ದರು. ಡಹಾಣು ಘೋಲ್ವಡ್ ಚಿಕ್ಕುಗೆ 2016ರಲ್ಲಿ ಜಿಐ ಟ್ಯಾಗ್ (ಒಂದು ಊರಿನ ವಿಶೇಷ ಬೆಳೆ ಅನ್ನೋ ಸರ್ಕಾರಿ ಗುರುತು) ಬಂದಿದೆ. ಹೆಸರು ದೊಡ್ಡದು. ಆದರೆ ಹಣ್ಣಾದ ಚಿಕ್ಕು ಜಾಸ್ತಿ ದಿನ ತಡೆಯಲ್ಲ. ಪೆಟ್ಟು ಬಿದ್ದದ್ದು, ಗಾತ್ರ ಸಣ್ಣದಾದದ್ದು ವ್ಯಾಪಾರಿಗಳಿಗೆ ಬೇಡ. ಅದನ್ನೇ ಕೊಂಡು, ಹೆಚ್ಚಿ, ಒಣಗಿಸಿ, ಚಿಪ್ಸ್ ಮತ್ತು ಪುಡಿ ಮಾಡಿ ಮಾರೋದು. ಕೆಲಸಕ್ಕೆ ಸುತ್ತಲಿನ ವಾರ್ಲಿ ಆದಿವಾಸಿ ಹೆಂಗಸರು. ಸಂಬಳ ತಿಂಗಳು ತಪ್ಪಿದ್ದಿಲ್ಲ.

ಮುಂಬೈಯ ಒಂದು ಇಂಪ್ಯಾಕ್ಟ್ ಫಂಡ್ (ಲಾಭದ ಜೊತೆ ಸಮಾಜಕ್ಕೂ ಒಳ್ಳೇದಾಗಲಿ ಅಂತ ಉದ್ಯಮಗಳಿಗೆ ಹಣ ಹಾಕುವ ಸಂಸ್ಥೆ) 2 ಕೋಟಿ ಹಾಕಲು ಮುಂದೆ ಬಂದಿತ್ತು. ಟರ್ಮ್ ಶೀಟ್, ಅಂದರೆ ಹಣ ಹಾಕುವ ಷರತ್ತುಗಳ ಪತ್ರ, ಕೈಗೆ ಬಂದು ತಿಂಗಳಾದರೂ ಇವರು ಸಹಿ ಹಾಕಿರಲಿಲ್ಲ. ಕಾರಣ ಕೇಳಿದರೆ, ಬಡವರ ಹೆಸರಲ್ಲಿ ದುಡ್ಡು ಮಾಡಿದ ಹಾಗಾಗುತ್ತೆ ಅಂದರು. 2010ರಲ್ಲಿ ಆಂಧ್ರದಲ್ಲಿ ಬಡವರಿಗೆ ಕೊಟ್ಟ ಮೈಕ್ರೋಫೈನಾನ್ಸ್ ಸಣ್ಣ ಸಾಲದ ವಸೂಲಿ ಗಲಾಟೆ ಆಯ್ತಲ್ಲ, ಅದರ ಮಾತು ಎತ್ತಿದರು. ಅಪ್ಪನ ಪ್ರಶ್ನೆ ಬೇರೆ: "ನೀ ಮಾಡೂದ್ ಯಾಪಾರವಾ, ಧರ್ಮವಾ? ಎರಡ್ರಲ್ ಒಂದ್ ಹೇಳ್ ಮಗಾ."

ಅನುಮಾನ ಸುಳ್ಳಲ್ಲ. ಆದರೆ ರಾತ್ರಿಯೆಲ್ಲ ಎಚ್ಚರ ಇರಿಸುವಷ್ಟು ದೊಡ್ಡದು ಅಂತ ನನಗೆ ಅನ್ನಿಸಲಿಲ್ಲ. "ನಿಮ್ಮ ಸಂಬಳ ಎಷ್ಟು?" ಅಂತ ಕೇಳಿದೆ.

ಮಾತಾಡಲಿಲ್ಲ. ಫೋನ್ ತೆಗೆದು ಫಂಡ್‌ನವರಿಗೆ ಕೊಟ್ಟಿದ್ದ ಎಕ್ಸೆಲ್ ಹಾಳೆ ತೋರಿಸಿದರು. "ಸ್ಥಾಪಕರ ಸಂಬಳ" ಅನ್ನೋ ಸಾಲಿನುದ್ದಕ್ಕೂ ಸೊನ್ನೆ. ಫಂಡ್‌ನ ಹುಡುಗಿಯೊಬ್ಬಳು ಅದಕ್ಕೆ ಹಳದಿ ಬಳಿದು, ನಿಮ್ಮ ಕೆಲಸಕ್ಕೆ ಬೇರೆಯವರನ್ನು ಇಟ್ಟರೆ ಎಷ್ಟು ಕೊಡಬೇಕು ಅಂತ ಬರೆದಿದ್ದಳು. ಅದಕ್ಕೆ ಉತ್ತರ ಹೋಗಿರಲಿಲ್ಲ.

ಮನೆಗೆ ಗೊತ್ತಿದ್ದದ್ದು ಬೇರೆ. ಪ್ರತಿ ತಿಂಗಳೂ ಜಂಟಿ ಖಾತೆಗೆ "ಸಂಬಳ" ಬೀಳುತ್ತಿತ್ತು. ಹಳೆಯ ನೌಕರಿಯ ಪಿಎಫ್ ತೆಗೆದು, ತನ್ನದೇ ಇನ್ನೊಂದು ಖಾತೆಯಲ್ಲಿಟ್ಟು, ಅಲ್ಲಿಂದ ಕಳಿಸುತ್ತಿದ್ದರು. ಆ ದುಡ್ಡು ಮುಗಿಯುತ್ತಾ ಬಂದಿತ್ತು.

ಸಮಾಜಕ್ಕೆ ಒಳ್ಳೇದು ಮಾಡೋ ಉದ್ಯಮ ಕಟ್ಟುವವರಲ್ಲಿ ಈ ರೋಗ ನಾನು ಮತ್ತೆ ಮತ್ತೆ ನೋಡುತ್ತೇನೆ. ಸಂಬಳ ತಗೊಳ್ಳದಿರೋದು ದೊಡ್ಡಗುಣ ಅಂದುಕೊಳ್ಳುತ್ತಾರೆ. ಲೆಕ್ಕದಲ್ಲಿ ನೋಡಿದರೆ ಅದು ಹೆಂಡತಿ ಮಕ್ಕಳ ಹೆಸರಲ್ಲಿ ಎತ್ತಿದ ಸಾಲ, ಅವರಿಗೇ ಹೇಳದೆ. ಘಟಕದ ಲಾಭವೂ ಆಗ ನಿಜವಾದ ಲಾಭ ಅಲ್ಲ. ಆ ಹುಡುಗಿ ಹಿಡಿದದ್ದು ಅದನ್ನೇ.

ಸಲಹೆ ಕೊಟ್ಟದ್ದು ಹೀಗೆ. ಸಹಿ ಹಾಕುವ ಮುಂಚೆ ಹೆಂಡತಿಗೆ ಹೇಳಿ, ಬೇಕಿದ್ದರೆ ನನ್ನೆದುರೇ. ಮ್ಯಾನೇಜರ್ ಒಬ್ಬರಿಗೆ ಕೊಡಬೇಕಾದಷ್ಟನ್ನು ನಿಮ್ಮ ಸಂಬಳ ಅಂತ ಹಾಳೆಯಲ್ಲಿ ಬರೆಯಿರಿ. ಘಟಕ ನಷ್ಟ ತೋರಿಸಿದರೆ ತೋರಿಸಲಿ. ಅಪ್ಪನ ಹೆಸರಲ್ಲಿರೋ ಫ್ಲಾಟನ್ನು ಯಾವ ಸಾಲಕ್ಕೂ ಅಡ ಇಡಬೇಡಿ.

ವ್ಯಾಪಾರವಾ ಧರ್ಮವಾ ಅನ್ನೋದನ್ನು ಸಿಎ ಹತ್ತಿರ ಬಗೆಹರಿಸಿಕೊಳ್ಳಿ ಅಂದೆ, ಅದು ನನ್ನ ಕೆಲಸ ಅಲ್ಲ. ಆದರೂ ಇಷ್ಟು ಹೇಳಿದೆ: ಸೆಕ್ಷನ್ 8 ಕಂಪನಿಯಾದರೆ, ಅಂದರೆ ಸಮಾಜಸೇವೆಗಂತಲೇ ಕಟ್ಟಿದ ಕಂಪನಿಯಾದರೆ, ದಾನ, ಸಿಎಸ್‌ಆರ್ ಹಣಕ್ಕೆ (ದೊಡ್ಡ ಕಂಪನಿಗಳು ಸಮಾಜಕ್ಕೆ ಅಂತ ಖರ್ಚು ಮಾಡಬೇಕಾದ ಹಣ) ದಾರಿ ಇದೆ, ಲಾಭ ಹಂಚುವ ಹಾಗಿಲ್ಲ. ಪ್ರೈವೇಟ್ ಲಿಮಿಟೆಡ್ ಆಗಿದ್ದರೆ ಫಂಡ್ ಷೇರು ಕೊಳ್ಳುತ್ತೆ, ಒಂದು ದಿನ ಅದನ್ನು ಮಾರಿ ಹೊರಡಲೇಬೇಕು. ಷೇರುಪೇಟೆ ನಿಯಂತ್ರಕ ಸೆಬಿಯ 2012ರ ನಿಯಮದ ಪ್ರಕಾರ ಇಂಥ ಸೋಶಿಯಲ್ ಫಂಡ್‌ಗಳಿಗೆ ಅವಧಿ ಮೊದಲೇ ನಿಗದಿ. ಹಾಕಿದ ಹಣದ ಲೆಕ್ಕದಲ್ಲಿ ಮೂರನೇ ಎರಡು ಪಾಲಿನವರು ಒಪ್ಪಿದರೂ ಆ ಅವಧಿಯ ಮೇಲೆ 2 ವರ್ಷಕ್ಕಿಂತ ಜಾಸ್ತಿ ಎಳೆಯೋ ಹಾಗಿಲ್ಲ. ಹಾಗಾಗಿ ಅವರನ್ನು ಕೇಳಿ: ನಿಮ್ಮ ಫಂಡ್‌ಗೆ ಈಗ ಎಷ್ಟನೇ ವರ್ಷ? ನೀವು ಹೊರಟಾಗ ನನ್ನ ಕಂಪನಿಯಲ್ಲಿರೋ ನಿಮ್ಮ ಷೇರು ಯಾರ ಕೈಗೆ? ದುಡ್ಡು ಕೇಳೋನು ಪ್ರಶ್ನೆ ಕೇಳಬಾರದು ಅನ್ನೋ ಸಂಕೋಚ ನಮ್ಮವರಿಗೆ ಯಾಕೋ ಜಾಸ್ತಿ.

ಮುಂದಿನ ಸಲ ಹೆಂಡತಿಯೂ ಬಂದರು. ಇವರು ತಡವರಿಸುತ್ತಾ ಪಿಎಫ್ ವಿಷಯ ಹೇಳಿದರು. ಆಕೆ, "ನಂಗೆ ಗೊತ್ತಿತ್ತು. ಬ್ಯಾಂಕ್ ಮೆಸೇಜಲ್ಲಿ ಕಂಪನಿ ಹೆಸರು ಯಾವತ್ತೂ ಬರ್ತಿರಲಿಲ್ಲ, ನಿಮ್ಮ ಹೆಸರೇ ಬರ್ತಿತ್ತು. ಯಾವಾಗ ಹೇಳ್ತೀರಿ ಅಂತ ಕಾಯ್ತಿದ್ದೆ" ಅಂದರು. ಆ ಕಾಯುವಿಕೆಯ ಸಿಟ್ಟು ಹೊರಬರಲು ಒಂದು ಗಂಟೆ ಸಾಕಾಗಲಿಲ್ಲ. ಅದಕ್ಕೆ ಬೇರೆ ದಿನ ಕೊಟ್ಟೆ.

ಅಪ್ಪನ ಹತ್ತಿರ ಇವರೊಬ್ಬರೇ ಮಾತಾಡಿದರು. ಹಾಳೆ ನೋಡಿ ಅಪ್ಪ ಬೈದರಂತೆ. ನಮ್ಮ ಹೋಟ್ಲಲ್ಲಿ ಧಣಿ ಗಲ್ಲಾದಿಂದ ಹತ್ತು ರೂಪಾಯಿ ತೆಗೆದರೂ ಪುಸ್ತಕದಲ್ಲಿ ಬರೀತಿದ್ದೆ, ನೀನು ಎಂಬಿಎ ಓದಿ ಇದನ್ನು ಬಿಟ್ಯಾ ಅಂತ.

ಸಂಬಳ ಸೇರಿಸಿದ ಹೊಸ ಹಾಳೆ ಫಂಡ್‌ಗೆ ಹೋಯ್ತು. ಅವರ ಫಂಡ್ ಆರನೇ ವರ್ಷದಲ್ಲಿತ್ತು, ಹೊರಡುವ ಅವಸರ ಎದ್ದು ಕಾಣುತ್ತಿತ್ತು. ಇವರೇ ಬೇಡ ಅಂದರು. ಇನ್ನೊಂದು ಫಂಡ್ ಜೊತೆ ಸಣ್ಣ ಮೊತ್ತದ ಮಾತು ನಡೆದಿದೆ. ಆಗದಿದ್ದರೆ ಘಟಕವನ್ನು ಅಲ್ಲಿನ ಸೂಪರ್‌ವೈಸರ್ ಕೈಗೊಪ್ಪಿಸಿ, ಯಾವುದಾದರೂ ಇಂಪ್ಯಾಕ್ಟ್ ಫಂಡ್‌ನಲ್ಲಿ ಕೆಲವು ವರ್ಷ ನೌಕರಿ ಮಾಡುವ ಯೋಚನೆಯೂ ಇದೆ. ನನ್ನ ಪ್ರಕಾರ ಅದು ಸೋಲಲ್ಲ. ಘಟಕ ನಡೆಸಿ ಗೊತ್ತಿರುವವರು ಮೇಜಿನ ಆ ಬದಿಯಲ್ಲೂ ಬೇಕು. ಸದ್ಯ ಕಂಪನಿಯಿಂದ 45 ಸಾವಿರ ಸಂಬಳ ತಗೊಳ್ತಿದ್ದಾರೆ. ನಿದ್ದೆ ಪೂರ್ತಿ ಸರಿಹೋಗಿಲ್ಲ, ಡಾಕ್ಟರು ಕೊಟ್ಟ ಮಾತ್ರೆ ಮುಂದುವರಿದಿದೆ.