ಮಜ್ಜೆ ಕೊಡುವವಳ ಮಾತು

ಮುಂಬಯಿ ಬಳಿಯ ಡೊಂಬಿವಲಿಯ ಹಿರಿಯ ಓದುಗರೊಬ್ಬರು ನಾಲ್ಕು ಪುಟಗಳ ಪತ್ರ ಬರೆದಿದ್ದಾರೆ. ಅವರ ಸೋದರಳಿಯನಿಗೆ 26 ವರ್ಷ. ತೀವ್ರ ಅಪ್ಲಾಸ್ಟಿಕ್ ಅನೀಮಿಯಾ, ಅಂದರೆ ಅಸ್ಥಿಮಜ್ಜೆ ರಕ್ತವನ್ನು ತಯಾರಿಸುವುದನ್ನೇ ನಿಲ್ಲಿಸುವ ಕಾಯಿಲೆ. ಹುಡುಗನ ಅಕ್ಕನ ಅಂಗಾಂಶ ಅವನದರೊಡನೆ ಪೂರ್ತಿಯಾಗಿ ಹೊಂದಿದೆ; ಆಕೆಯ ಮಜ್ಜೆಯನ್ನು ಅವನಿಗೆ ಕಸಿ ಮಾಡಬಹುದು. ಆದರೆ ಪುಣೆಗೆ ಸೊಸೆಯಾಗಿ ಹೋಗಿರುವ ಆಕೆಗೆ ಇರುವುದು ಒಂದೇ ಮಗು. ಮಜ್ಜೆ ಕೊಟ್ಟರೆ ಮುಂದೆ ಗರ್ಭ ನಿಲ್ಲುವುದಿಲ್ಲವೆಂದು ಅತ್ತೆಯವರು ಒಪ್ಪುತ್ತಿಲ್ಲ. “ಬೀಗರ ಮನಸ್ಸು ನೋಯಿಸುವುದಕ್ಕಿಂತ ಒಂದೆರಡು ವರ್ಷ ಔಷಧದಲ್ಲೇ ನೋಡಬಾರದೆ?” ಎಂದು ಪತ್ರ ಬರೆದವರು ಕೇಳುತ್ತಾರೆ.

ಮಾನ್ಯರೇ, ಔಷಧದ ಪರವಾಗಿ ಹೇಳಬೇಕಾದುದನ್ನು ಮೊದಲೇ ಹೇಳಿ ಮುಗಿಸುತ್ತೇನೆ. ಕುದುರೆಯ ರಕ್ತಸಾರದಿಂದ ತಯಾರಿಸುವ ಎಟಿಜಿ ಮತ್ತು ಅದರೊಡನೆ ಕೊಡುವ ಸೈಕ್ಲೋಸ್ಪೊರಿನ್, ಎರಡೂ ದೇಹದ ರೋಗನಿರೋಧಕ ಶಕ್ತಿಯನ್ನು ತಗ್ಗಿಸುವ ಔಷಧಗಳು, ಹುಸಿ ಮದ್ದುಗಳಲ್ಲ. ನಲವತ್ತು ದಾಟಿದವರಿಗೆ, ಹೊಂದುವ ಒಡಹುಟ್ಟು ಇಲ್ಲದವರಿಗೆ ವೈದ್ಯರು ಸಾಮಾನ್ಯವಾಗಿ ಅದನ್ನೇ ಮೊದಲು ಕೊಡುತ್ತಾರೆ. ಕಸಿಯಲ್ಲಿ ಅಪಾಯವೂ ಇದೆ: ದಾನಿಯಿಂದ ಬಂದ ಜೀವಕೋಶಗಳು ಪಡೆದವನ ಚರ್ಮ, ಕರುಳು, ಯಕೃತ್ತುಗಳ ಮೇಲೆಯೇ ತಿರುಗಿಬೀಳಬಹುದು. ಇಷ್ಟನ್ನು ಒಪ್ಪಿದ ಮೇಲೂ, 26ರ ಹುಡುಗನಿಗೆ ಹೊಂದುವ ಅಕ್ಕನಿರುವಾಗ ಕಸಿಯೇ ಮೊದಲ ಚಿಕಿತ್ಸೆ ಎಂಬುದರಲ್ಲಿ ರಕ್ತವೈದ್ಯರಿಗೆ ಹೆಚ್ಚಿನ ಭಿನ್ನಮತವಿಲ್ಲ; ಒಳ್ಳೆಯ ಕೇಂದ್ರಗಳಲ್ಲಿ ಇಂತಹ ಹತ್ತು ತರುಣರಲ್ಲಿ ಎಂಟರ ಆಸುಪಾಸಿನ ಮಂದಿ ಬದುಕಿ ಬಾಳುತ್ತಾರೆ. ‘ತೀವ್ರ’ ಎಂದು ವೈದ್ಯರು ಬರೆದಿದ್ದರೆ ಸೋಂಕನ್ನು ತಡೆಯುವ ನ್ಯೂಟ್ರೋಫಿಲ್ ಎಂಬ ಬಿಳಿ ಕಣಗಳು ಮೈಕ್ರೋಲೀಟರಿಗೆ 500ಕ್ಕಿಂತ ಕೆಳಗೆ ಇಳಿದಿವೆ ಎಂದೇ ಸಾಮಾನ್ಯ ಅರ್ಥ. ಆ ಸ್ಥಿತಿಯಲ್ಲಿ ಮುಂಬಯಿಯ ಮಳೆಗಾಲದ ಗೋಡೆಯ ಬೂಷ್ಟೂ ವೈರಿಯೇ. ಅಲ್ಲದೆ, ರಕ್ತ ಏರಿಸುತ್ತ ಹೋದಷ್ಟೂ ಮುಂದೆ ಬರುವ ಮಜ್ಜೆಯನ್ನು ದೇಹ ತಿರಸ್ಕರಿಸುವ ಸಂಭವ ಹೆಚ್ಚುತ್ತದೆ. ಮನೆಮಂದಿಯ ರಕ್ತವಂತೂ ಸಲ್ಲದು. ಮಾವಂದಿರೆಲ್ಲ ಸಾಲುಗಟ್ಟಿ ನಿಂತು ರಕ್ತ ಕೊಟ್ಟೆವೆಂದು ನೀವು ಹೆಮ್ಮೆಯಿಂದ ಬರೆದಿದ್ದೀರಿ. ದಯವಿಟ್ಟು ನಿಲ್ಲಿಸಿ, ಆಗಿರುವುದನ್ನು ವೈದ್ಯರಿಗೆ ತಿಳಿಸಿ.

ನಮ್ಮ ಮುದ್ರಣಾಲಯದಲ್ಲಿ ಪುಟ ಜೋಡಿಸುತ್ತಿದ್ದ ಹುಡುಗನೊಬ್ಬನ ತಮ್ಮನಿಗೆ ಇದೇ ಕಾಯಿಲೆ ಬಂದಿತ್ತು. ಅಲ್ಲಿಯೂ ಹೊಂದಿದವಳು ಮದುವೆಯಾದ ಅಕ್ಕ, ಅಲ್ಲಿಯೂ ಬೀಗರ ಸಮಾಲೋಚನೆ. ಯುಗಾದಿಗೆ ಆರಂಭವಾದ ಮಾತುಕತೆ ನಾಗರಪಂಚಮಿಗೆ ಒಪ್ಪಿಗೆಯಲ್ಲಿ ಮುಗಿಯಿತು. ಅಷ್ಟರಲ್ಲಿ ಆ ತಮ್ಮನ ಶ್ವಾಸಕೋಶಕ್ಕೆ ಬೂಷ್ಟಿನ ಸೋಂಕು ಹಬ್ಬಿತ್ತು.

ಗರ್ಭದ ಭಯ ಎಲ್ಲಿಂದ ಬಂತೆಂದು ನಾನು ಬಹಳ ಸಲ ಯೋಚಿಸಿದ್ದೇನೆ. ಆಯುರ್ವೇದದ ಏಳು ಧಾತುಗಳಲ್ಲಿ ಮಜ್ಜೆ ಆರನೆಯದು, ಅದರಿಂದ ಹುಟ್ಟುವ ಏಳನೆಯದು ಶುಕ್ರ. ಮಜ್ಜೆ ಕೊಟ್ಟರೆ ಸಂತಾನಶಕ್ತಿಯೇ ಸೋರಿಹೋಗುತ್ತದೆಂಬ ಅಂಜಿಕೆ ಆ ಸರಣಿಯಿಂದಲೇ ನಮ್ಮ ಹಿರಿಯರ ಮನಸ್ಸಿಗೆ ಇಳಿದಿರಬೇಕು ಎಂಬುದು ನನ್ನ ಊಹೆ. ಆದ್ದರಿಂದ ಅತ್ತೆಯವರನ್ನು ಮೂಢರೆಂದು ಜರೆಯಬೇಡಿ. ಅಸ್ಥಿಮಜ್ಜೆಯನ್ನು ಬೆನ್ನುಹುರಿಯೆಂದು ತಿಳಿದು ಬೆದರುವವರು ಪದವೀಧರರಲ್ಲೂ ಬೇಕಾದಷ್ಟು ಮಂದಿ ಇದ್ದಾರೆ. ಸೂಜಿ ಬೆನ್ನುಹುರಿಯ ಹತ್ತಿರವೂ ಹೋಗುವುದಿಲ್ಲ. ದಾನಿಗೆ ಅರಿವಳಿಕೆ ಕೊಟ್ಟು, ಸೊಂಟದ ಹಿಂಬದಿಯ ಮೂಳೆಯಿಂದ ಮಜ್ಜೆಯನ್ನು ಹೀರಿ ತೆಗೆಯುತ್ತಾರೆ. ಕೆಲವು ವಾರಗಳಲ್ಲಿ ದೇಹ ಅದನ್ನು ಮತ್ತೆ ತುಂಬಿಕೊಳ್ಳುತ್ತದೆ. ಐದು ದಿನ ಚುಚ್ಚುಮದ್ದು ಕೊಟ್ಟು ತೋಳಿನ ರಕ್ತದಿಂದಲೇ ರಕ್ತ ಹುಟ್ಟಿಸುವ ಕಾಂಡಕೋಶಗಳನ್ನು ಸೋಸಿಕೊಳ್ಳುವ ಕ್ರಮವೂ ಇದೆ, ಆದರೆ ಈ ಕಾಯಿಲೆಗೆ ಮೂಳೆಯ ಮಜ್ಜೆಯೇ ಮೇಲು. ದಾನಿಗೆ ಆಗುವುದು ಸೊಂಟನೋವು, ಒಂದಷ್ಟು ದಿನದ ಆಯಾಸ. ದಾನದ ವೇಳೆಗೆ ಆಕೆ ಗರ್ಭಿಣಿಯಾಗಿರಬಾರದು, ಅಷ್ಟೇ. ಆಮೇಲೆ ಹೆರಲು ಅಡ್ಡಿಯಿಲ್ಲ. ಸಂತಾನದ ಚಿಂತೆ ಮಾಡಲೇಬೇಕಾದದ್ದು ಹುಡುಗನ ವಿಷಯದಲ್ಲಿ: ಕಸಿಗೆ ಮುಂಚಿನ ಪ್ರಬಲ ಮದ್ದುಗಳಿಗೆ ಮೊದಲು ವೀರ್ಯವನ್ನು ಶೇಖರಿಸಿಡುವ ಬಗ್ಗೆ ವೈದ್ಯರನ್ನು ಕೇಳಬೇಕು. ನಿಮ್ಮ ಪತ್ರದಲ್ಲಿ ಅದರ ಸುದ್ದಿಯೇ ಇಲ್ಲ!

ಮಾಟುಂಗಾದ ಹೋಟೆಲೊಂದರ ಗಲ್ಲಾದಲ್ಲಿ ಕೂರುತ್ತಿದ್ದ ಪರಿಚಿತರೊಬ್ಬರು ತಮ್ಮನಿಗೆ ಮಜ್ಜೆ ಕೊಟ್ಟು ಎರಡು ವಾರದಲ್ಲಿ ಗಲ್ಲಾಕ್ಕೆ ಮರಳಿದ್ದರು. ಕಸಿಯಾದ ಮೇಲೆ ತಮ್ಮನ ರಕ್ತದ ಗುಂಪು ಬಿ ಹೋಗಿ ಅಣ್ಣನ ಓ ಆಯಿತು. “ಗುಂಪು ನನ್ನದು ಬಂತು, ಸಿಟ್ಟು ಮಾತ್ರ ಅವನದೇ ಉಳಿಯಿತು” ಎಂದು ಅವರು ಚಿಲ್ಲರೆ ಎಣಿಸುತ್ತ ಹೇಳಿದ್ದು ನೆನಪಿದೆ.

ನೀವು ದಿನವೂ ಲೋಕಲಿನಲ್ಲಿ ದಾಟುವ ಪರೇಲಿನ ಟಾಟಾ ಸ್ಮಾರಕ ಆಸ್ಪತ್ರೆಯಲ್ಲಿಯೇ 1983ರಲ್ಲಿ ಡಾ. ಸುರೇಶ್ ಅಡ್ವಾಣಿಯವರು ಭಾರತದ ಮೊದಲ ಮಜ್ಜೆಯ ಕಸಿ ಮಾಡಿದರು. ಬಾಲ್ಯದ ಪೋಲಿಯೊದಿಂದ ಗಾಲಿಕುರ್ಚಿಯಲ್ಲಿ ಓಡಾಡುವ ವೈದ್ಯರು ಅವರು. ನಾಲ್ಕು ದಶಕ ಕಳೆದರೂ ನಮ್ಮ ಮನೆಗಳ ಪಡಸಾಲೆಯಲ್ಲಿ ಇನ್ನೂ ಬೀಗರ ಪಂಚಾಯಿತಿ! ಒಬ್ಬ ಒಡಹುಟ್ಟು ಹೊಂದುವ ಸಂಭವ ನೂರಕ್ಕೆ 25 ಮಾತ್ರ. ಐವರು ಒಡಹುಟ್ಟಿದವರಿದ್ದ ಕಾಲದಲ್ಲಿ ಒಬ್ಬರಾದರೂ ಹೊಂದುವ ಸಂಭವ ನೂರಕ್ಕೆ 76ರಷ್ಟಿತ್ತು. ಈಗ ಮನೆಗೊಂದು, ಹೆಚ್ಚೆಂದರೆ ಎರಡು ಮಕ್ಕಳು. ಹೊಂದುವ ಒಡಹುಟ್ಟು ಸಿಗದವರು ಹೊರಗಿನ ದಾನಿಯನ್ನು ಹುಡುಕಬೇಕು, ಆ ಹೊಂದಿಕೆ ಹೆಚ್ಚಾಗಿ ಸಿಗುವುದು ನಮ್ಮ ನಮ್ಮ ಸಮುದಾಯಗಳಲ್ಲೇ. ದಾನಿಯಾಗಿ ಹೆಸರು ನೋಂದಾಯಿಸಲು ಕೆನ್ನೆಯ ಒಳಗೋಡೆಗೆ ಹತ್ತಿಕಡ್ಡಿ ಸವರಿದರೆ ಸಾಕು. ನಮ್ಮ ಜಾತಿಗೊಂದರಂತಿರುವ ಸಂಘಗಳು ವಾರ್ಷಿಕೋತ್ಸವಕ್ಕೆ ರಾಶಿ ಶಾಲು ಹೊದಿಸುತ್ತವೆ, ಅದೇ ಸಭಾಂಗಣದ ಮೂಲೆಯಲ್ಲಿ ಈ ನೋಂದಣಿಗೊಂದು ಮೇಜು ಹಾಕಿ ಎಂದು ಕೇಳಿದ ನನಗೆ ಒಬ್ಬ ಅಧ್ಯಕ್ಷರು, “ಮಂಗಳ ಕಾರ್ಯದ ದಿನ ರೋಗದ ಮಾತೇಕೆ?” ಎಂದರು.

ಇನ್ನು ನಿಮ್ಮನ್ನು ಕೊಂಚ ಗದರಬೇಕಾಗಿದೆ. ನೀವು ಸಹೃದಯರು, ಅಕ್ಷರ ಶುದ್ಧ, ವರದಿಗಳನ್ನು ದಿನಾಂಕಸಹಿತ ನಕಲು ಮಾಡಿದ್ದೀರಿ. ಆ ನಾಲ್ಕು ಪುಟಗಳಲ್ಲಿ ಅತ್ತೆಯವರ ಮಾತಿದೆ, ಅಳಿಯಂದಿರ ಮೌನವಿದೆ, ಪುರೋಹಿತರ ಸಲಹೆಯೂ ಇದೆ. ಮಜ್ಜೆ ಕೊಡಬೇಕಾದವಳು ಏನೆಂದಳೆಂಬ ಒಂದು ಸಾಲಿಲ್ಲ. ಆಕೆ ಬೇಡವೆಂದರೆ ಅದು ಆಕೆಯ ಹಕ್ಕು, ಯಾರೂ ಒತ್ತಾಯಿಸುವಂತಿಲ್ಲ. ಆಗ ಔಷಧದ ದಾರಿ ಇದ್ದೇ ಇದೆ. ಆದರೆ ಆಕೆಯನ್ನು ಕೇಳಿದ್ದೀರಾ? ಈ ಭಾನುವಾರ ಪುಣೆಗೆ ಹೊರಡಿ, ಆಕೆಯನ್ನು ವೈದ್ಯರ ಮುಂದೆ ಒಬ್ಬಳನ್ನೇ ಕೂರಿಸಿ, ನೀವು ಬಾಗಿಲ ಹೊರಗೆ ಕಾಯಿರಿ.