ಕಾರಿನ ರೂಫ್ ಬಟ್ಟೆ ಜೋತುಬಿದ್ದರೆ

ಪ್ರಶ್ನೆ: ನಮ್ಮದು 2012ರ ಸಣ್ಣ ಕಾರು. ಹಿಂದಿನ ಸೀಟಿನ ಮ್ಯಾಲಿನ ಬಟ್ಟಿ ಜೋತುಬಿದ್ದು ಕುಂತವರ ತಲಿಗೆ ತಾಗ್ತದ. ಸಿರಿಂಜಿನಾಗ ಮರಗೆಲಸದ ಬಿಳಿ ಗೋಂದು ತುಂಬಿ ಅಲ್ಲಲ್ಲಿ ಚುಚ್ಚಿ ಅಂಟಿಸಿದ್ವಿ. ಹದಿನೈದು ದಿನಕ್ಕ ಮತ್ತ ಬಿತ್ತು, ಮ್ಯಾಲ ಕಲೆ ಬ್ಯಾರೆ ಉಳಿದಾವ. ಇನ್ನೂ ಗಟ್ಟಿ ಗೋಂದು ಯಾವುದು?
– ಓದುಗರು, ವಿಜಯಪುರ

ಉತ್ತರ: ಎಂಥ ಗಟ್ಟಿ ಗೋಂದು ತಂದರೂ ಆ ಬಟ್ಟೆ ನಿಲ್ಲುವುದಿಲ್ಲ. ಕಾರಿನ ರೂಫ್ ಲೈನಿಂಗ್ ಬರೀ ಬಟ್ಟೆಯಲ್ಲ. ನೂಲಿನ ತೆಳು ಹೆಣಿಗೆ, ಅದರ ಬೆನ್ನಿಗೆ ಸುಮಾರು 3 ಮಿ.ಮೀ. ದಪ್ಪದ ಸ್ಪಂಜು, ಆ ಸ್ಪಂಜು ಅಂಟಿಕೊಂಡಿರುವ ಒತ್ತುಬೋರ್ಡು, ಹೀಗೆ ಮೂರು ಪದರ. ವರ್ಷಗಟ್ಟಲೆ ಬಿಸಿಲು, ತೇವ ಕುಡಿದ ಸ್ಪಂಜು ಒಳಗೊಳಗೇ ಪುಡಿಯಾಗುತ್ತದೆ. ಜೋತ ಜಾಗದಲ್ಲಿ ಬಟ್ಟೆಯನ್ನು ಬೆರಳಿನಿಂದ ತಟ್ಟಿ ನೋಡಿ, ಅರಿಸಿನದ ಹಿಟ್ಟಿನಂಥ ಪುಡಿ ಉದುರುತ್ತದೆ. ಬೋರ್ಡಿಗೆ ಹಚ್ಚಿದ ಮೂಲ ಅಂಟು ಹೆಚ್ಚಿನ ಗಾಡಿಗಳಲ್ಲಿ ಇನ್ನೂ ಚೆನ್ನಾಗಿಯೇ ಇರುತ್ತದೆ. ನೀವು ಚುಚ್ಚಿದ ಗೋಂದು ಬಟ್ಟೆಯನ್ನು ಹಿಡಿದದ್ದು ಈ ಪುಡಿಗೆ. ಪುಡಿ ಉದುರಿತು, ಬಟ್ಟೆಯೂ ಬಂತು. ಸಾಲದ್ದಕ್ಕೆ ಬಿಳಿ ಗೋಂದು ನೀರಿನದು, ಬಿಸಿಗೆ ಮೆತ್ತಗಾಗುವಂಥದು. ಮೇ ತಿಂಗಳಲ್ಲಿ ನಿಮ್ಮೂರಿನ ಬಯಲಲ್ಲಿ ನಿಂತ ಗಾಡಿಯ ತಗಡು 70 ಡಿಗ್ರಿ ದಾಟುವುದು ಹೊಸದೇನಲ್ಲ.

ಬಟ್ಟೆ, ಸ್ಪಂಜು ಎರಡನ್ನೂ ಕಿತ್ತು ಹೊಸದು ಹಾಕುವುದೊಂದೇ ದಾರಿ. ಅಲ್ಲಿಯವರೆಗೆ ತಿರುಪಿನಂಥ ಸಣ್ಣ ಅಪೋಲ್ಸ್ಟರಿ ಪಿನ್ ಹಾಕಿ ಎತ್ತಿ ಹಿಡಿಯಬಹುದು. ಗುಂಡುಸೂಜಿ ಬೇಡ, ಗಾಡಿ ಗುಂಡಿಗೆ ಬಿದ್ದಾಗ ಉದುರಿ ಕಣ್ಣಿಗೆ ಬೀಳುತ್ತದೆ. ಹಿಂದಿನ ಗಾಜು ಕನ್ನಡಿಯಲ್ಲಿ ಕಾಣದಷ್ಟು ಬಟ್ಟೆ ಇಳಿದಿದ್ದರೆ ಪಿನ್ನಿನ ಮೇಲೆ ನಂಬಿಕೆ ಇಟ್ಟು ಹೆದ್ದಾರಿಗೆ ಹೋಗಬೇಡಿ.

ಪ್ರಶ್ನೆ: ಬೋರ್ಡು ಕೆಳಗಿಳಿಸಿ ಮನೆಯಲ್ಲೇ ಹೊಸ ಬಟ್ಟೆ ಹಾಕಬೇಕೆಂದಿದ್ದೇವೆ. ಏನೇನು, ಎಷ್ಟೆಷ್ಟು ತರಬೇಕು? ಯಾವ ಕ್ರಮದಲ್ಲಿ ಬಿಚ್ಚಬೇಕು?
– ಓದುಗರು, ಬಾಗಲಕೋಟೆ

ಉತ್ತರ: ಸೀಟ್ ಕವರ್ ಅಂಗಡಿಯಲ್ಲಿ ‘ರೂಫ್ ಬಟ್ಟೆ, ಸ್ಪಂಜು ಇದ್ದದ್ದು’ ಎಂದೇ ಕೇಳಿ. ಸ್ಪಂಜಿಲ್ಲದ ಬಟ್ಟೆ ಕೊಟ್ಟರೆ ತರಬೇಡಿ, ಬೋರ್ಡಿನ ಪ್ರತಿ ಉಬ್ಬುತಗ್ಗೂ ಮೇಲೆ ಎದ್ದು ಕಾಣುತ್ತದೆ. ಅಗಲ ಸಾಮಾನ್ಯವಾಗಿ 54ರಿಂದ 60 ಇಂಚು. ಸಣ್ಣ ಕಾರಿಗೆ 2 ಮೀಟರ್, ಡಿಕ್ಕಿ ಇರುವ ಕಾರಿಗೆ ಎರಡೂವರೆ ಸಾಕು. ಆದರೂ ಅಳತೆ ಮಾಡಿಯೇ ಹೋಗಿ: ಟೇಪನ್ನು ನೇರ ಹಿಡಿಯದೆ ಬೋರ್ಡಿನ ತಗ್ಗುಗಳೊಳಗೆ ಇಳಿಸಿ ಹತ್ತಿಸಿ ಅಳೆದು, ನಾಲ್ಕೂ ಕಡೆ 8 ಸೆಂ.ಮೀ. ಸೇರಿಸಿ. ನೇರ ಅಳೆದವರಿಗೆ ಕೊನೆಗೆ ಒಂದು ಮೂಲೆಯಲ್ಲಿ ಬಟ್ಟೆ ಸಾಲುವುದಿಲ್ಲ.

ಅಂಟು ರಬ್ಬರ್ ಜಾತಿಯದೇ ಬೇಕು, ಎರಡೂ ಬದಿಗೆ ಹಚ್ಚಿ ಆರಿಸಿ ಒತ್ತುವಂಥದು. ಡಬ್ಬಿಯ ಮೇಲೆ ಕನಿಷ್ಠ 80 ಡಿಗ್ರಿ ತಡೆಯುತ್ತದೆ ಎಂದಿರಲಿ. ಸ್ಪ್ರೇ ಕ್ಯಾನ್ ಆದರೆ 500 ಮಿ.ಲೀ.ನ ಎರಡು-ಮೂರು. ಕುಶನ್ ಕೆಲಸದವರು ಬಳಸುವ ಎಸ್‌ಆರ್ ಗಮ್ (ಸಿಂಥೆಟಿಕ್ ರಬ್ಬರ್ ಅಂಟು) ಆದರೆ ಒಂದರಿಂದ ಒಂದೂವರೆ ಲೀಟರ್. ಮೊದಲ ಸಲ ಮಾಡುವವರಿಗೆ ನಮ್ಮ ಸಲಹೆ ಸ್ಪ್ರೇ. ಬ್ರಷ್ಷಿನಲ್ಲಿ ಗಮ್ ಹಚ್ಚುವಾಗ ಕೈ ಸ್ವಲ್ಪ ಭಾರವಾದರೂ ಅದು ಸ್ಪಂಜು ದಾಟಿ ಬಟ್ಟೆಯ ಮುಖಕ್ಕೆ ಬರುತ್ತದೆ, ಆ ಕಲೆ ಹೋಗುವುದಿಲ್ಲ. ಇವಲ್ಲದೆ ಬಟ್ಟೆ ಒಗೆಯುವ ನೈಲಾನ್ ಬ್ರಷ್, ಮಾಸ್ಕ್, ಕನ್ನಡಕ, ಕೈಗವಸು, ಹೊಸ ಬ್ಲೇಡು, ಪ್ಲಾಸ್ಟಿಕ್ ಪಟ್ಟಿ, ಒಂದಿಷ್ಟು ಹೊಸ ಟ್ರಿಮ್ ಕ್ಲಿಪ್. ಹಳೆಯ ಕ್ಲಿಪ್‌ಗಳಲ್ಲಿ ಎರಡಾದರೂ ಮುರಿದೇ ಮುರಿಯುತ್ತವೆ.

ಬಿಚ್ಚುವ ಮೊದಲು ಬ್ಯಾಟರಿಯ ಮೈನಸ್ ವೈರ್ ತೆಗೆದು ಹತ್ತು ನಿಮಿಷ ಬಿಡಿ. ಕಿಟಕಿಗಳ ಮೇಲೆ ಕರ್ಟನ್ ಏರ್‌ಬ್ಯಾಗ್ ಇರುವ ಗಾಡಿಯಾದರೆ (ಪಿಲ್ಲರ್, ಅಂದರೆ ಮಾಳಿಗೆ ಹೊತ್ತ ಕಂಬದ ಮೇಲೆ ಏರ್‌ಬ್ಯಾಗ್ ಎಂದು ಅಚ್ಚಾಗಿರುತ್ತದೆ) ಬೋರ್ಡು ಇಳಿಸುವುದನ್ನೂ ಕೂರಿಸುವುದನ್ನೂ ಷೋರೂಮಿನವರಿಗೇ ಬಿಡಿ, ಅಂಟಿಸುವ ಕೆಲಸ ಮಾತ್ರ ನೀವು ಮಾಡಿಕೊಳ್ಳಿ. ಇದರಲ್ಲಿ ಜುಗ್ಗತನ ಬೇಡ.

ಉಳಿದವರು ಸೀಟಿನ ತಲೆದಿಂಬು ತೆಗೆದು, ಸೀಟುಗಳನ್ನು ಮಲಗಿಸಿ. ಸನ್ ವೈಸರ್‌ಗೆ ಎರಡೆರಡು ಸ್ಕ್ರೂ, ಅದರ ಕೊಕ್ಕೆಗೆ ಒಂದು. ಕೈಹಿಡಿಕೆಯ ಎರಡು ತುದಿಯಲ್ಲಿ ಸಣ್ಣ ಮುಚ್ಚಳ, ಅದನ್ನು ಎಬ್ಬಿಸಿದರೆ ಒಳಗೆ ಸ್ಕ್ರೂ. ರೂಫ್ ಲೈಟಿನ ಗಾಜನ್ನು ಬಟ್ಟೆ ಸುತ್ತಿದ ಸ್ಕ್ರೂಡ್ರೈವರ್‌ನಿಂದ ಎಬ್ಬಿಸಿ, ಸ್ಕ್ರೂ ಬಿಚ್ಚಿ, ಸಾಕೆಟ್ ಕಳಚಿ. ಬಾಗಿಲಿನ ರಬ್ಬರ್ ಬೀಡಿಂಗನ್ನು ಮೇಲಿನ ಅರ್ಧ ಎಳೆದರೆ ಸಾಕು. ಮುಂದಿನ ಮತ್ತು ಹಿಂದಿನ ಪಿಲ್ಲರ್ ಟ್ರಿಮ್ (ಕಂಬ ಮುಚ್ಚುವ ಪ್ಲಾಸ್ಟಿಕ್ ಹೊದಿಕೆ) ಕ್ಲಿಪ್ಪಿನಲ್ಲಿರುತ್ತವೆ. ನಡುವಿನದರ ಮೇಲ್ಭಾಗ ಸಡಿಲಿಸಿದರೆ ಎಷ್ಟೋ ಗಾಡಿಗಳಲ್ಲಿ ಬೆಲ್ಟಿನ ಬೋಲ್ಟು ಮುಟ್ಟುವ ಅಗತ್ಯವೇ ಬೀಳದು. ಮುಟ್ಟಿದರೆ ಕಂಪನಿ ಹೇಳಿದ ಬಿಗುವಿಗೇ ಮರಳಿ ಬಿಗಿಯಬೇಕು. ಪ್ರತಿ ಹಂತಕ್ಕೂ ಮೊಬೈಲಿನಲ್ಲಿ ಒಂದು ಫೋಟೊ ಹೊಡೆದಿಡಿ.

ಹಿಂದಿನ ಕ್ಲಿಪ್‌ಗಳನ್ನು ಕೊನೆಗೆ ಬಿಚ್ಚಿ. ಆ ಹೊತ್ತಿಗೆ ಇನ್ನೊಬ್ಬರು ಒಳಗೆ ಕೂತು ಬೋರ್ಡನ್ನು ಅಂಗೈಯಲ್ಲಿ ಹೊತ್ತಿರಬೇಕು. ಸಣ್ಣ ಕಾರಿನಲ್ಲಿ ಹಿಂಬಾಗಿಲಿನಿಂದ, ಡಿಕ್ಕಿ ಕಾರಿನಲ್ಲಿ ಸಾಮಾನ್ಯವಾಗಿ ಮುಂದಿನ ಎಡಬಾಗಿಲಿನಿಂದ ಓರೆಮಾಡಿ ಹೊರತನ್ನಿ. ಮಡಚಲು ಹೋಗಬೇಡಿ. ಒಮ್ಮೆ ಮುರಿದ ಗೆರೆ ಹೊಸ ಬಟ್ಟೆಯ ಮೇಲೂ ಮೂಡುತ್ತದೆ. ಸಣ್ಣ ಬಿರುಕು ಬಿಟ್ಟರೆ ಬೆನ್ನ ಕಡೆಯಿಂದ ದಪ್ಪ ಬಟ್ಟೆಯ ಪಟ್ಟಿ ಅಂಟಿಸಿ.

ಈಗ ಬೋರ್ಡನ್ನು ಹೊರಸಿನ ಮೇಲೆ ಚಪ್ಪಟೆ ಹಾಕಿ ಹಳೆಯ ಬಟ್ಟೆ ಸುಲಿಯಿರಿ. ಬಟ್ಟೆ ಸಲೀಸಾಗಿ ಬರುತ್ತದೆ, ಸ್ಪಂಜು ಬೋರ್ಡಿಗೇ ಉಳಿಯುತ್ತದೆ. ಇಡೀ ಕೆಲಸದ ಅರ್ಧ ಪಾಲು ಇದನ್ನು ಉಜ್ಜಿ ತೆಗೆಯುವುದರಲ್ಲೇ ಇದೆ, ಬೇಸರ ಬಂದು ಬಿಡುವವರೂ ಇಲ್ಲಿಯೇ ಬಿಡುವುದು. ನೈಲಾನ್ ಬ್ರಷ್‌ನಿಂದ ಸಣ್ಣ ಸುತ್ತುಗಳಲ್ಲಿ ಒಣದಾಗಿ ಉಜ್ಜಿ. ತಂತಿ ಬ್ರಷ್ ಬೋರ್ಡನ್ನೇ ಕೀಳುತ್ತದೆ, ನೀರು ಅದನ್ನು ಮೆತ್ತಗೆ ಮಾಡುತ್ತದೆ, ಪೆಟ್ರೋಲ್ ಮತ್ತು ತಿನ್ನರ್ ಅಪಾಯ. ಕೆಲವು ಬೋರ್ಡಿನಲ್ಲಿ ಗಾಜಿನ ನಾರು ಇರುವುದರಿಂದ ತುಂಬುತೋಳಿನ ಅಂಗಿ ತೊಡಿ. ಮುಗಿಯಿತು ಅನ್ನಿಸಿದಾಗ ಪಾರ್ಸೆಲ್ಲಿಗೆ ಹಚ್ಚುವ ಕಂದು ಟೇಪನ್ನು ಐದಾರು ಕಡೆ ಒತ್ತಿ ಕಿತ್ತು ನೋಡಿ. ಟೇಪಿನ ಮೇಲೆ ಹಳದಿ ಪುಡಿ ಬಂದರೆ ಮುಗಿದಿಲ್ಲ. ಟೇಪಿಗೆ ಬಂದ ಪುಡಿ ನಾಳೆ ನಿಮ್ಮ ಹೊಸ ಅಂಟಿಗೂ ಬರುತ್ತದೆ.

ಅಂಟಿಸಲು ಬೆಳಿಗ್ಗೆ ಏಳರಿಂದ ಒಂಬತ್ತರೊಳಗಿನ ಹೊತ್ತು, ಗಾಳಿಯಾಡುವ ನೆರಳು. ಹತ್ತಿರ ಒಲೆ, ಬೀಡಿ ಯಾವುದೂ ಇರಬಾರದು. ಬೋರ್ಡು ಅಂಟನ್ನು ಹೀರುತ್ತದೆ, ಆದ್ದರಿಂದ ಅದಕ್ಕೆ ಮೊದಲೊಂದು ತೆಳು ಕೋಟ್ ಹೊಡೆದು ಪೂರ್ತಿ ಒಣಗಿಸಿ. ಬಟ್ಟೆಯನ್ನು ಬೋರ್ಡಿನ ಮೇಲೆ ಹಾಸಿ, ಸರಿಯಾಗಿ ಕೂತ ಮೇಲೆ ಅರ್ಧ ಹಿಂದಕ್ಕೆ ಮಡಚಿ. ಬಿಚ್ಚಿಕೊಂಡ ಅರ್ಧ ಬೋರ್ಡಿಗೂ, ಮಡಚಿದ ಅರ್ಧದ ಸ್ಪಂಜಿಗೂ ಅಂಟು ಹೊಡೆದು ಕಾಯಿರಿ. ಬೆರಳ ಬೆನ್ನಿನಿಂದ ಮುಟ್ಟಿದರೆ ಜಿಗುಟಾಗಬೇಕು, ಆದರೆ ಕೈಗೆ ಬರಬಾರದು. ಸಾಮಾನ್ಯ ದಿನಗಳಲ್ಲಿ ಐದರಿಂದ ಹತ್ತು ನಿಮಿಷ, ಬೇಸಿಗೆಯ ಮಧ್ಯಾಹ್ನ ಎರಡೇ ನಿಮಿಷಕ್ಕೆ ಆರಿ ಹಿಡಿಯದೆ ಹೋಗುತ್ತದೆ. ಹಸಿಯಿದ್ದಾಗ ಒತ್ತಿದರೆ ದ್ರಾವಕ ಒಳಗೇ ಸಿಕ್ಕಿ ಗುಳ್ಳೆ ಏಳುತ್ತದೆ.

ನಡುಗೆರೆಯಿಂದ ಅಂಚಿನ ಕಡೆ ಅಂಗೈಯಲ್ಲಿ ಸವರುತ್ತ ಬನ್ನಿ. ಸ್ಪಂಜು ಚಪ್ಪಟೆಯಾಗುವಷ್ಟು ಒತ್ತಬೇಡಿ. ನಂತರ ಇನ್ನರ್ಧ. ಅಂಚಿನಲ್ಲಿ 3 ಸೆಂ.ಮೀ. ಹಿಂದಕ್ಕೆ ಮಡಚಿ ಅಂಟಿಸುವಾಗ ಆ ಭಾಗದ ಸ್ಪಂಜನ್ನು ಮಾತ್ರ ಕೆರೆದು ತೆಗೆಯಿರಿ, ಇಲ್ಲದಿದ್ದರೆ ದಪ್ಪ ಹೆಚ್ಚಾಗಿ ಬೀಡಿಂಗ್ ಕೂರುವುದಿಲ್ಲ. ಲೈಟಿನ ಜಾಗದಲ್ಲಿ ಗುಣಿಸು ಗುರುತಿನಂತೆ ಸೀಳಿ, ಎಸಳುಗಳನ್ನು ಹಿಂದಕ್ಕೆ ಅಂಟಿಸಿ. ಸ್ಕ್ರೂ ತೂತುಗಳನ್ನು ಬೆನ್ನ ಕಡೆಯಿಂದ ದಬ್ಬಳದಿಂದ ಚುಚ್ಚಿದರೆ ಸಾಕು. ಒಂದು ಇಡೀ ದಿನ ಆರಿಸಿ, ಆಮೇಲೆ ಕೂರಿಸಿ.

ಪ್ರಶ್ನೆ: ಹೊಸ ಬಟ್ಟೆ ಹಾಕಿ ತಿಂಗಳಾಗಿಲ್ಲ. ಉಳಿದೆಲ್ಲ ಕಡೆ ಗಟ್ಟಿಯಾಗಿದೆ, ಲೈಟಿನ ಸುತ್ತಲಿನ ತಗ್ಗಿನಲ್ಲಿ ಮಾತ್ರ ಎದ್ದು ನಿಂತಿದೆ. ಯಾಕೆ?
– ಓದುಗರು, ಗೋಕಾಕ

ಉತ್ತರ: ತಗ್ಗಿನ ಎರಡೂ ದಡಕ್ಕೆ ಬಟ್ಟೆಯನ್ನು ಮೊದಲು ಅಂಟಿಸಿ, ನಂತರ ನಡುವೆ ಒತ್ತಿ ಕೂರಿಸಿರುತ್ತೀರಿ. ಹಾಗೆ ಎಳೆದು ಕೂರಿಸಿದ ಬಟ್ಟೆ ಗಾಡಿ ಕಾದಾಗಲೆಲ್ಲ ತನ್ನನ್ನು ತಾನೇ ಮೇಲಕ್ಕೆಳೆಯುತ್ತದೆ. ತಗ್ಗಿನ ತಳಕ್ಕೆ ಬೆರಳತುದಿಯಿಂದ ಮೊದಲು ಕೂರಿಸಿ, ಆಮೇಲೆ ಗೋಡೆ, ಕೊನೆಗೆ ದಡ, ಹೀಗಿರಬೇಕು ಕ್ರಮ. ಈಗ ಲೈಟ್ ಬಿಚ್ಚಿ ಆ ತೂತಿನ ಅಂಚಿನಿಂದ ಬಟ್ಟೆ ಬಿಡಿಸಿ, ಎರಡೂ ಬದಿಗೆ ಬ್ರಷ್ಷಿನಲ್ಲಿ ತೆಳುವಾಗಿ ಅಂಟು ಹಚ್ಚಿ, ಆರಿಸಿ ತಳದಿಂದ ಕೂರಿಸಿ.

ಪ್ರಶ್ನೆ: ಮಳೆಗಾಲ ಮುಗಿಯುವಷ್ಟರಲ್ಲಿ ರೂಫ್ ಬಟ್ಟೆಯ ಮೇಲೆ ಕಂದು ಉಂಗುರದ ಕಲೆ, ಬೂಸಲು ವಾಸನೆ. ಬಟ್ಟೆ ಬದಲಿಸಿದರೆ ಸಾಕೇ?
– ಓದುಗರು, ಖಾನಾಪುರ

ಉತ್ತರ: ಸಾಲದು. ಅಂಥ ಉಂಗುರ ಸಾಮಾನ್ಯವಾಗಿ ಮೇಲಿನಿಂದ ಇಳಿದ ನೀರಿನದು. ಆಂಟೆನಾ ಬುಡದ ಸವೆದ ರಬ್ಬರ್, ರೂಫ್ ರೇಲಿನ ಬೋಲ್ಟು, ಮಾಳಿಗೆಯ ಎರಡೂ ಬದಿಯ ಕಪ್ಪು ಪಟ್ಟಿಯ ಕೆಳಗೆ ಬಿರಿದ ಸೀಲೆಂಟ್, ಸನ್‌ರೂಫ್ ಇದ್ದರೆ ಕಸ ಕಟ್ಟಿದ ಅದರ ನಳಿಗೆ, ಇವುಗಳಲ್ಲಿ ಒಂದಿರಬೇಕು. ಬೋರ್ಡು ಇಳಿಸಿದ ಮೇಲೆ ಒಬ್ಬರು ಒಳಗೆ ಟಾರ್ಚ್ ಹಿಡಿದು ಕೂರಲಿ, ಇನ್ನೊಬ್ಬರು ಹೊರಗಿನಿಂದ ತಂಬಿಗೆಯಲ್ಲಿ ನಿಧಾನವಾಗಿ ನೀರು ಹೊಯ್ಯಲಿ. ಕೆಳಗಿನ ಭಾಗದಿಂದ ಶುರುಮಾಡಿ, ಒಂದೊಂದು ಜಾಗಕ್ಕೆ ಐದೈದು ನಿಮಿಷ. ಮೊದಲೇ ಮೇಲಿನಿಂದ ಸುರಿದರೆ ನೀರು ಎಲ್ಲ ಕಡೆ ಹರಿದು ಯಾವ ತೂತೆಂದು ತಿಳಿಯದು. ಬೂಸಲಿಗೆ ಸರ್ಜಿಕಲ್ ಸ್ಪಿರಿಟ್ ಒರೆಸಿ, ಬೋರ್ಡನ್ನು ಚಪ್ಪಟೆಯಾಗಿ ನೆರಳಲ್ಲಿ ಒಣಗಿಸಿ. ನೆನೆದು ಪದರ ಬಿಟ್ಟ ಬೋರ್ಡಿಗೆ ದುಡಿಯಬೇಡಿ, ಗುಜರಿಯಲ್ಲಿ ಅದೇ ಮಾದರಿಯದು ಹುಡುಕಿ.

ಅಂಟಿಸುವ ಕೆಲಸ ದೀಪಾವಳಿ ನಂತರಕ್ಕಿರಲಿ. ಜಡಿಮಳೆಯ ದಿನ ದ್ರಾವಕ ಆರುವಾಗ ಅಂಟಿನ ಮೇಲ್ಮೈ ತಣ್ಣಗಾಗಿ ಗಾಳಿಯ ತೇವ ಅದರ ಮೇಲೆ ಕೂರುತ್ತದೆ. ಬಿಳಿ ಮಬ್ಬು ಕಂಡರೆ ಅದೇ. ಅದರ ಮೇಲೆ ಬಟ್ಟೆ ಹಿಡಿಯುವುದಿಲ್ಲ.

ಪ್ರಶ್ನೆ: ರೂಫಿಗೆ ನಮ್ಮೂರ ಖಣವನ್ನೇ ಹಾಕಬಹುದೇ?
– ಓದುಗರು, ಗುಳೇದಗುಡ್ಡ

ಉತ್ತರ: ಆಸೆ ಒಳ್ಳೆಯದು, ಜಾಗ ತಪ್ಪು. ಖಣ ಮಗ್ಗದ ನೇಯ್ಗೆ, ಹೆಣಿಗೆಯಂತೆ ಹಿಗ್ಗುವುದಿಲ್ಲ. ತಗ್ಗಿನಲ್ಲಿ ನೆರಿಗೆ ಬೀಳುತ್ತದೆ. ಅಗಲವೂ ಸಾಲದೆ ಜೋಡಿಸಬೇಕಾಗುತ್ತದೆ. ಸ್ಪಂಜಿಲ್ಲದ್ದರಿಂದ ಅಂಟು ನೇರ ಮುಖಕ್ಕೆ ಬರುತ್ತದೆ. ಸನ್ ವೈಸರ್‌ಗೆ ಗವಸು ಹೊಲಿಸಿ, ಅಂಟಿಲ್ಲದೆ ಚಂದ ಕೂರುತ್ತದೆ, ಬಣ್ಣ ಮಾಸಿದರೆ ಬದಲಿಸಬಹುದು. ವೈಸರ್ ಮೇಲಿನ ಏರ್‌ಬ್ಯಾಗ್ ಎಚ್ಚರಿಕೆ ಚೀಟಿ ಮುಚ್ಚದಂತೆ ಹೊಲಿಸಿ.

ಪ್ರಶ್ನೆ: ಮನೆಯಲ್ಲಿ ಹಳೆಯ ಅಂಬಾಸಿಡರ್ ಇದೆ. ಅದಕ್ಕೂ ಇದೇ ವಿಧಾನವೇ?
– ಓದುಗರು, ಬೆಳಗಾವಿ

ಉತ್ತರ: ಅಲ್ಲ. ಅದರಲ್ಲಿ ಬೋರ್ಡೂ ಇಲ್ಲ, ಸ್ಪಂಜೂ ಇಲ್ಲ. ಬಟ್ಟೆಯ ಬೆನ್ನಿಗೆ ಹೊಲಿದ ನೇಫೆಗಳಲ್ಲಿ ಉಕ್ಕಿನ ಕಂಬಿ ತೂರಿಸಿ ಮಾಳಿಗೆಗೆ ತೂಗುಹಾಕಿರುತ್ತಾರೆ, ಅಂಚು ಮಾತ್ರ ಅಂಟು. ಹಳೆಯದನ್ನು ಹರಿಯದಂತೆ ಇಳಿಸಿ, ಹೊಲಿಗೆ ಬಿಚ್ಚಿ, ಅದನ್ನೇ ಅಳತೆಗಿಟ್ಟುಕೊಂಡು ಕುಶನ್ ಹೊಲಿಯುವವರಿಂದ ಹೊಸದು ಹೊಲಿಸಿ. ಕಂಬಿಗಳ ಬಾಗು ಒಂದರಂತೆ ಇನ್ನೊಂದಿರುವುದಿಲ್ಲ. ಬಿಚ್ಚುವಾಗಲೇ ಮುಂದಿನಿಂದ ಹಿಂದಕ್ಕೆ 1, 2, 3 ಎಂದು ಬಣ್ಣದಲ್ಲಿ ಬರೆದು, ಎಡ-ಬಲವನ್ನೂ ಗುರುತುಮಾಡಿ. ತುಕ್ಕು ಹಿಡಿದಿದ್ದರೆ ಉಜ್ಜಿ ರೆಡ್ ಆಕ್ಸೈಡ್ ಹಚ್ಚಿ, ಪೂರ್ತಿ ಒಣಗಿದ ಮೇಲೆಯೇ ನೇಫೆಗೆ ತೂರಿಸಿ.